ಇಳಕಲ್ಲಿನ ಚಾಸಿ

ಹದಿನಾಲ್ಕು ವರ್ಷ ಒಂದು ಯಂತ್ರದ ಉಸಿರು ಕೇಳುತ್ತ ಬದುಕಿದವನಿಗೆ, ಇನ್ನು ಮೇಲೆ ಅದಕ್ಕೆ ಹೊಟ್ಟೆ ನೊಂದರೆ ಅದು ತಾನೇ ಫೋನಿಗೆ ಹೇಳಿಕೊಳ್ಳುತ್ತದೆ, ನೀನು ಬೇಡ ಎಂದುಬಿಟ್ಟರೆ ಹೇಗಾಗಬೇಡ? ಸತ್ಯಬೋಧ ಕುಲಕರ್ಣಿಗೆ ಆದದ್ದು ಅದೇ. ಹೇಳಿದವರು ಕಂಪನಿಯ ಮಾಲೀಕರು ಶಂಕ್ರಪ್ಪನವರು. ಬಾಗಲಕೋಟೆಯ ನವನಗರದ ಕಚೇರಿಯಲ್ಲಿ ಬಸಿಗೆ ಚಹಾ ಸುರಿದು ಆರಿಸಿಕೊಳ್ಳುತ್ತ, ಉಪಕಾರ ಮಾಡುವವರ ದನಿಯಲ್ಲಿ ಹೇಳಿದರು.

"ಕುಲಕರ್ಣ್ಯಾರ, ಜೂನ್ ಒಂದನೇ ತಾರೀಖಿನಿಂದ ನೀವು ಬದಾಮಿ ಕೌಂಟರಿನ್ಯಾಗ ಕುಂದರ್ರಿ. ಬಂದವರ ತಕರಾರು ಬರಕೋರಿ, ಆರಾಮ ಇರ್ರಿ. ಊರೂರು ಅಡ್ಡ್ಯಾಡೂದು ಸಾಕು. ಇನ್ಮ್ಯಾಲ ಯಂತ್ರಾನ ಮಾತಾಡ್ತಾವು."

ಆರಾಮ ಇರಬೇಕಂತೆ. ನಲವತ್ತೆಂಟನೆಯ ವಯಸ್ಸಿಗೆ ಕೌಂಟರಿನ ಹಿಂದೆ ಕೂತು, ನಮ್ಮ ಮನೆಯ ಇಂಟರ್‌ನೆಟ್ಟು ನಿನ್ನೆಯಿಂದ ಬಂದಿಲ್ಲ ಎಂದು ಬಂದವರ ಹೆಸರು ಬರೆದುಕೊಳ್ಳುವುದು. ಆ ಕೆಲಸಕ್ಕೆ ಕಳೆದ ವರ್ಷ ಪಿ.ಯು.ಸಿ. ಫೇಲಾದ ಹುಡುಗಿಯೊಬ್ಬಳಿದ್ದಳು. ಅವಳು ಮದುವೆಯಾಗಿ ಹೋದಳು, ಕುರ್ಚಿ ಖಾಲಿ ಬಿತ್ತು. ಆ ಕುರ್ಚಿಗೆ ಸತ್ಯಬೋಧ. ಅವನು ತಲೆಯಾಡಿಸಿ, ಹೂಂ ಎಂದು ಹೊರಗೆ ಬಂದ. ಮನೆಯಲ್ಲಿ ಹೆಂಡತಿ ಕುಮುದಿನಿಗೆ ಹೇಳಲಿಲ್ಲ.

ಕಂಪನಿ ದೊಡ್ಡದಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು, ಈ ನಾಲ್ಕು ಊರಿನ ಬ್ಯಾಂಕು, ಕಾಲೇಜು, ದವಾಖಾನೆಗಳಿಗೆ ಇಂಟರ್‌ನೆಟ್ಟಿನ ತಂತಿ ಎಳೆದು ಕೊಟ್ಟಿತ್ತು. ಊರಿಗೊಂದು ಬಾಡಿಗೆ ಕೋಣೆ, ಕೋಣೆಯಲ್ಲೊಂದು ಕಬ್ಬಿಣದ ಪೆಟ್ಟಿಗೆ. ಕಪಾಟಿನಲ್ಲಿ ಪುಸ್ತಕ ಜೋಡಿಸಿದಂತೆ ಅದರೊಳಗೆ ಇಂಟರ್‌ನೆಟ್ಟು ಹಂಚುವ ಕಾರ್ಡುಗಳು. ಅವು ಬಿಸಿಯಾಗದಂತೆ ಗಾಳಿ ಬೀಸಲು ಎರಡು ಫ್ಯಾನ್ ಟ್ರೇ, ಅಂದರೆ ಡ್ರಾಯರಿನಂತೆ ಎಳೆದು ತೆಗೆಯುವ ಫ್ಯಾನುಗಳ ಎರಡು ಸಾಲು. ಲೈನ್‌ಮನ್‌ಗಳು ಲಾರಿ ಕಂಡವರು, ಅವರ ಬಾಯಲ್ಲಿ ಆ ಪೆಟ್ಟಿಗೆಯ ಹೆಸರು ಚಾಸಿ. ನಾಲ್ಕು ಚಾಸಿಗಳನ್ನೂ ಕೂಡಿಸಿದವನು ಸತ್ಯಬೋಧ. ಬಾಗಿಲ ಹೊರಗೆ ನಿಂತು ಸದ್ದು ಕೇಳಿಯೇ ಯಾವ ಫ್ಯಾನು ಸೋತಿದೆ ಎಂದು ಹೇಳಬಲ್ಲವನು. ಅದೇ ಅವನ ಹೆಮ್ಮೆ. ಅದೊಂದೇ ಅವನ ಆಸ್ತಿ ಎಂದರೂ ತಪ್ಪಲ್ಲ.

ಎರಡು ವರ್ಷದ ಹಿಂದೆ ಹುಬ್ಬಳ್ಳಿಯಿಂದ ಶಿವಪ್ರಕಾಶ ಬಂದ. ಮೂವತ್ತೊಂದರ ಹುಡುಗ, ಗಡ್ಡ ಒಪ್ಪವಾಗಿ ಕತ್ತರಿಸಿಕೊಂಡವನು, ಎಲ್ಲರಿಗೂ ಸರ ಎನ್ನುತ್ತಲೇ ಎಲ್ಲರ ತಲೆಯ ಮೇಲೆ ಕೂತವನು. ಶಂಕ್ರಪ್ಪನವರು ಅವನನ್ನು ಮುಖ್ಯಸ್ಥನನ್ನಾಗಿ ಮಾಡಿದರು. ಅವನು ತಂದದ್ದೇ ಈ ಅಲರ್ಟು. ಫ್ಯಾನು ನಿಂತರೆ, ಟ್ರೇ ಹೊರಗೆ ಬಂದರೆ, ಬಿಸಿ ಹೆಚ್ಚಾದರೆ, ಕರೆಂಟು ಕೈಕೊಟ್ಟರೆ, ಚಾಸಿಯೇ ಮೆಸೇಜು ಕಳಿಸುತ್ತದೆ. ಯಾವ ತೊಂದರೆಗೆ ಯಾರ ಫೋನಿಗೆ ಎಂದು ಒಂದೊಂದಾಗಿ ಬರೆದಿಡಬೇಕು, ಆಮೇಲೆ ಪರೀಕ್ಷೆ ಮಾಡಬೇಕು. ಆ ಕೆಲಸ ಸತ್ಯಬೋಧನಿಗೇ ಬಿತ್ತು. ಈ ವರ್ಷದ ಫೆಬ್ರುವರಿ ಪೂರ್ತಿ ಅವನು ನಾಲ್ಕು ಊರು ತಿರುಗಿ, ಟ್ರೇ ಎಳೆದು, ಶಿವಪ್ರಕಾಶನ ಫೋನು ಗುಂಯ್‌ಗುಟ್ಟಿತೇ ಎಂದು ಕೇಳಿ, ಮತ್ತೆ ತಳ್ಳಿ, ಪಟ್ಟಿಯಲ್ಲಿ ಗುರುತು ಹಾಕಿದ. ತನ್ನ ಅನ್ನಕ್ಕೆ ತಾನೇ ಮಣ್ಣು ಹಾಕಿಕೊಳ್ಳುತ್ತಿದ್ದೇನೆ ಎಂದು ಆಗ ಹೊಳೆಯಲಿಲ್ಲ.

ಶಂಕ್ರಪ್ಪನವರದು ಮಾತ್ರ ಬೇರೆಯೇ ತಕರಾರು. ಅವರು ಬಸವಣ್ಣನ ಪಕ್ಕಾ ಭಕ್ತರು, ಮುಂಜಾನೆ ಲಿಂಗಪೂಜೆ ಮುಗಿಯದೆ ನೀರು ಮುಟ್ಟುವವರಲ್ಲ. "ನನ್ನ ಫೋನಿಗೆ ಆತು, ಹೋತು, ಕೆಟ್ಟಿತು ಅನ್ನೂ ಸುದ್ದಿ ಹಾಕಬ್ಯಾಡ್ರಿ," ಎಂದು ಕಟ್ಟಪ್ಪಣೆ ಮಾಡಿದ್ದರು. "ಪೂಜಿ ಹೊತ್ತಿನ್ಯಾಗ ಅಂಥಾದ್ದು ಕಿವಿಗೆ ಬೀಳಬಾರ್ದು. ಕೆಲಸ ಮುಗಿದ ಮ್ಯಾಲ ಹೇಳಿದ್ರ ಸಾಕು." ಮುದುಕರ ಕೈಯಲ್ಲಿದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಸತ್ಯಬೋಧ ಒಳಗೊಳಗೇ ನಕ್ಕು, ಅವರು ಹೇಳಿದಂತೆಯೇ ಮಾಡಿಕೊಟ್ಟು, ಆ ಪುಟ ಮುಚ್ಚಿದ್ದ.

ಕೇಡು ಹೊಳೆದದ್ದು ಏಪ್ರಿಲ್ಲಿನ ಒಂದು ಮಧ್ಯಾಹ್ನ. ಅಲರ್ಟಿನ ಪರದೆಯಲ್ಲಿ ಒಂದು ಸಣ್ಣ ಗುಂಡಿಯಿದೆ. ಅದನ್ನು ಒತ್ತಿದರೆ ಯಂತ್ರಕ್ಕೆ ಏನೂ ಆಗದಿದ್ದರೂ ಆಯಿತು ಎಂಬ ಸುಳ್ಳು ಮೆಸೇಜು ಹೋಗುತ್ತದೆ, ದಾರಿ ಸರಿಯಿದೆಯೇ ಎಂದು ನೋಡಲಿಕ್ಕೆ. ಬಾದಾಮಿ ಕೌಂಟರಿನ ಮಾತು ಕೇಳಿ ವಾರವಾಗಿತ್ತು. ಸತ್ಯಬೋಧ ಸುಮ್ಮನೆ ಒತ್ತಿದ. ಪಕ್ಕದ ಕೋಣೆಯಲ್ಲಿ ಊಟಕ್ಕೆ ಕೂತಿದ್ದ ಶಿವಪ್ರಕಾಶ ಎಂಜಲುಗೈಯಲ್ಲಿ ಎದ್ದು ಓಡಿಬಂದ. ಪರೀಕ್ಷೆ ಮಾಡ್ತಿದ್ದೆ ಎಂದ ಸತ್ಯಬೋಧ. ಆಮೇಲೆ ದಿನಕ್ಕೆ ನಾಲ್ಕು ಸಲ, ಐದು ಸಲ, ಹುಡುಗ ಕ್ಷೌರಕ್ಕೆ ಕೂತಾಗ, ಮಾವನ ಮನೆಗೆ ಹೋದಾಗ ಒತ್ತಿದ. ಮೂರು ವಾರಕ್ಕೆ ಶಿವಪ್ರಕಾಶ ಕಚೇರಿಯ ನಾಲ್ಕು ಜನರೆದುರಿಗೆ ತಲೆ ಕೆಟ್ಟು, "ಸರ, ಈ ಪರೀಕ್ಷಾ ಎಂದಿಗೆ ಮುಗೀತೈತ್ರಿ? ಎಲ್ಲಾ ಬಂದ್ ಮಾಡಿ ಒಗಿತೇನಿ ಒಂದಿನ," ಎಂದ.

ಸತ್ಯಬೋಧ ಆ ಮಾತನ್ನು ಬಂಗಾರದಂತೆ ಎತ್ತಿಟ್ಟುಕೊಂಡ. ಹುಡುಗ ಅಂದದ್ದಕ್ಕೆ ಸಾಕ್ಷಿಗಳಿದ್ದರು. ಇನ್ನು ಅಂದಂತೆ ಮಾಡಿದ್ದಾನೆ ಎಂದು ತೋರಿಸುವುದಷ್ಟೇ ಬಾಕಿ.

ಅವನು ಧೈರ್ಯಸ್ಥನೇನಲ್ಲ. ಟ್ರಾಫಿಕ್ ಪೊಲೀಸನನ್ನು ಕಂಡರೆ ಎಲ್ಲ ಕಾಗದಪತ್ರ ಸರಿಯಿದ್ದೂ ಎದೆ ಡವಗುಟ್ಟುವ ಜಾತಿ. ಆದರೆ ಪುಕ್ಕಲರು ಮಾಡುವ ಅಪರಾಧಕ್ಕೆ ಒಂದು ಗುಣವಿದೆ, ಅದು ಬಹಳ ಅಚ್ಚುಕಟ್ಟಾಗಿರುತ್ತದೆ. ಧೈರ್ಯವಂತ ಒಮ್ಮೆ ನೋಡುವ ಕಡೆ ಅಂಜುಬುರುಕ ಮೂರು ಸಲ ನೋಡುತ್ತಾನೆ. ಹದಿನೈದು ದಿನ ಸತ್ಯಬೋಧನಿಗೆ ಊಟ ಸೇರಲಿಲ್ಲ. ಮೈ ಸ್ವಸ್ಥ ಇಲ್ಲೇನು ಎಂದು ಕುಮುದಿನಿ ಎರಡು ಸಲ ಕೇಳಿದಳು. ಬಿಸಿಲು ಎಂದ.

ಯೋಜನೆ ಸರಳವಿತ್ತು. ಮೇ ಇಪ್ಪತ್ತೆರಡರಂದು ಮಧ್ಯಾಹ್ನ ಎರಡೂವರೆಗೆ ಇಳಕಲ್ಲಿನ ಕಾಲೇಜಿನಲ್ಲಿ ಇನ್ನೂರು ಮಕ್ಕಳು ಕಂಪ್ಯೂಟರಿನ ಮುಂದೆ ಕೂತು ಪ್ರವೇಶ ಪರೀಕ್ಷೆ ಬರೆಯುವವರಿದ್ದರು. ಲೈನು ಇವರ ಕಂಪನಿಯದು. ಅಂದು ಮುಂಜಾನೆಯಿಂದ ಶಂಕ್ರಪ್ಪನವರೂ ಶಿವಪ್ರಕಾಶನೂ ಕಲಾದಗಿಯಲ್ಲಿ ಹೊಸ ಕಂಬಗಳ ಜಾಗ ನೋಡುವವರು. ಕಲಾದಗಿ ಬಾಗಲಕೋಟೆಯ ಆಚೆಗಿದೆ, ಇಳಕಲ್ಲು ಈಚೆಗೆ, ನಡುವೆ ಕಾರಿಗೂ ಹತ್ತಿರ ಹತ್ತಿರ ಎರಡು ತಾಸಿನ ದಾರಿ. ಇಳಕಲ್ಲಿನ ಕೋಣೆಯ ಎ.ಸಿ. ಆರಿಸಿ, ಒಂದು ಫ್ಯಾನ್ ಟ್ರೇ ಕಳಚಿಟ್ಟರೆ, ನಲವತ್ತೆರಡು ಡಿಗ್ರಿ ಬಿಸಿಲಿಗೆ ಚಾಸಿ ಮೂರೂವರೆ ತಾಸಿನಲ್ಲಿ ಕಾದು, ತನ್ನನ್ನು ತಾನು ಉಳಿಸಿಕೊಳ್ಳಲು ಕಾರ್ಡುಗಳನ್ನು ಆರಿಸಿಬಿಡುತ್ತದೆ. ಈ ಲೆಕ್ಕವನ್ನು ಅವನಿಗಿಂತ ಚೆನ್ನಾಗಿ ಮಾಡಬಲ್ಲವರು ಜಿಲ್ಲೆಯಲ್ಲಿಲ್ಲ. ಸತ್ಯಬೋಧ ಎಲ್ಲರಿಗಿಂತ ಮೊದಲು ಹೋಗಿ, ಟ್ರೇ ಸದ್ದಿಲ್ಲದೆ ಒಳಗೆ ತಳ್ಳಿ, ಲೈನು ಎಬ್ಬಿಸುತ್ತಾನೆ. ಆಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಅಲರ್ಟು ಯಾಕೆ ಬರಲಿಲ್ಲ? ನೋಡಿದರೆ, ಮುಖ್ಯಸ್ಥ ಸಾಹೇಬರೇ ಬಾಯಿ ಕಟ್ಟಿದ್ದಾರೆ.

ಬಾಯಿ ಕಟ್ಟುವ ಕೆಲಸ ಇಪ್ಪತ್ತೊಂದರ ಸಂಜೆ ನಾಲ್ಕೂ ಹತ್ತಕ್ಕೆ ಆಯಿತು. ಶಿವಪ್ರಕಾಶ ಚಹಾಕ್ಕೆ ಹೋಗುವಾಗ ಕಂಪ್ಯೂಟರು ತೆರೆದಿಟ್ಟೇ ಹೋಗುತ್ತಾನೆ, ದಿನಾ ಹಾಗೆಯೇ. ಸತ್ಯಬೋಧ ಅವನ ಕುರ್ಚಿಯಲ್ಲಿ ಕೂತು, ಇಳಕಲ್ಲಿನ ಪುಟ ತೆರೆದು, ಫ್ಯಾನು ನಿಂತದ್ದು, ಟ್ರೇ ತೆಗೆದದ್ದು, ಬಿಸಿ ಏರಿದ್ದು, ಕಾರ್ಡು ಆರಿದ್ದು, ನಾಲ್ಕೂ ಅಲರ್ಟು ಬಂದ್ ಮಾಡಿದ. ಯಾರ ಯಾರ ಫೋನಿಗೆ ಹೋಗುತ್ತವೆ ಎಂದು ಮೂರು ಸಲ ನೋಡಿದ. ಶಿವಪ್ರಕಾಶನ ನಂಬರೊಂದೇ. ಮುದುಕರಿಗೆ ಕೆಟ್ಟ ಸುದ್ದಿ ಹೋಗುವುದೇ ಇಲ್ಲವಲ್ಲ. ಎದ್ದು ಬಂದಾಗ ಬೆನ್ನಿಗೆ ಅಂಗಿ ಅಂಟಿತ್ತು. ಒಂದು ನಿಮಿಷದ ಕೆಲಸ.

ಇಪ್ಪತ್ತೆರಡರ ಬೆಳಿಗ್ಗೆ ಒಂಬತ್ತಕ್ಕೆ, ಬಾದಾಮಿಗೆ ಹೋಗುತ್ತೇನೆಂದು ಮನೆ ಬಿಟ್ಟ. ಬನಶಂಕರಿಯ ಒಂದು ಶಾಲೆಯ ಕೆಲಸವಿತ್ತು. ಅದಕ್ಕೆ ಮುಂಚೆ ಗುಳೇದಗುಡ್ಡದ ಹೊಲಗಳಲ್ಲಿ ಕಡಿದ ತಂತಿ ಹುಡುಕುತ್ತೇನೆಂದು ಹಾಜರಿ ಪುಸ್ತಕದಲ್ಲಿ ಬರೆದಿದ್ದ. ಹೊಲದಲ್ಲಿ ಯಾರಿದ್ದಾರೆ ನೋಡಲಿಕ್ಕೆ? ಫೋನು ಆರಿಸಿದ, ಗುಡ್ಡದ ಸಂದಿಯಲ್ಲಿ ಸಿಗ್ನಲ್ಲು ಸಿಗುವುದಿಲ್ಲ ಎಂಬುದು ಇಡೀ ಕಂಪನಿಗೆ ಗೊತ್ತು. ಮೋಟರ್‌ಸೈಕಲ್ಲು ಮಾತ್ರ ಇಳಕಲ್ಲಿನ ದಾರಿ ಹಿಡಿಯಿತು. ಮೇ ತಿಂಗಳಲ್ಲಿ ಮುಖಕ್ಕೆ ವಸ್ತ್ರ ಸುತ್ತಿಕೊಂಡವನನ್ನು ಯಾರೂ ಕಳ್ಳ ಎನ್ನುವುದಿಲ್ಲ, ಅದೊಂದು ಅನುಕೂಲ. ಆದರೂ ಹುನಗುಂದದ ಕ್ರಾಸಿನಲ್ಲಿ ಪೊಲೀಸ್ ಜೀಪು ಕಂಡಾಗ ಅವನು ವಸ್ತ್ರವನ್ನು ಕಣ್ಣಿನವರೆಗೆ ಎಳೆದುಕೊಂಡ. ಜೀಪಿನವರು ಕಲ್ಲಂಗಡಿ ತಿನ್ನುತ್ತಿದ್ದರು.

ಇಳಕಲ್ಲಿನ ಕೋಣೆ ಕಾಸಿಂಬಿಯ ಮನೆಯ ಮಾಳಿಗೆಯ ಮೇಲಿತ್ತು. ಕಾಸಿಂಬಿ ಅರವತ್ತರ ವಿಧವೆ, ಮೊಮ್ಮಗಳು ಸಾಯಿಮಾಳೊಂದಿಗೆ ಕೆಳಗೆ ಇರುತ್ತಾಳೆ. ಆ ಹುಡುಗಿಯೂ ಅಂದು ಅದೇ ಪರೀಕ್ಷೆಗೆ ಕೂರುವವಳು. ಅಜ್ಜಿ ಅವಳನ್ನು ಕರೆದುಕೊಂಡು ಹತ್ತಕ್ಕೇ ಕಾಲೇಜಿಗೆ ಹೋಗುತ್ತಾಳೆಂದು ಸತ್ಯಬೋಧ ಮೊದಲೇ ಮಾತಿನಲ್ಲಿ ತಿಳಿದುಕೊಂಡಿದ್ದ. ಮನೆಗೆ ಬೀಗ. ಓಣಿಯಲ್ಲಿ ಮಗ್ಗಗಳ ಲಟಕು ಪಟಕು ಸದ್ದು, ಅದರಲ್ಲಿ ಮೆಟ್ಟಿಲು ಹತ್ತುವವನ ಹೆಜ್ಜೆ ಯಾರಿಗೆ ಕೇಳಬೇಕು? ಮೇಲಿನ ಕೋಣೆಗೆ ಎರಡೇ ಕೀಲಿ. ಒಂದು ಅವನ ಹತ್ತಿರ, ಇನ್ನೊಂದು ಶಿವಪ್ರಕಾಶನ ಹತ್ತಿರ.

ಒಳಗೆ ತಣ್ಣಗಿತ್ತು. ಚಾಸಿ ಎಂದಿನಂತೆ ಸುಂಯ್ ಎನ್ನುತ್ತಿತ್ತು. ಸತ್ಯಬೋಧನಿಗೆ ಸಾಕಿದ ದನವನ್ನು ಕಟುಕರಿಗೆ ಹಿಡಿದುಕೊಟ್ಟಂತೆ ಅನ್ನಿಸಿತು, ಖರೆ ಹೇಳಬೇಕೆಂದರೆ ಅಳು ಬಂತು. ಆಮೇಲೆ ಕೌಂಟರಿನ ಕುರ್ಚಿ ನೆನಪಾಯಿತು. ಎ.ಸಿ.ಯ ಸ್ವಿಚ್ಚು ಕೆಳಗೆ ಮಾಡಿದ. ಎರಡನೆಯ ಫ್ಯಾನ್ ಟ್ರೇಯ ಎರಡು ತಿರುಪು ಬಿಚ್ಚಿ, ನಾಲ್ಕು ಬೆರಳಿನಷ್ಟು ಹೊರಗೆ ಎಳೆದ. ಫ್ಯಾನುಗಳು ನಿಂತವು. ಕೆಂಪು ದೀಪ ಹತ್ತಿತು. ಗಡಿಯಾರದಲ್ಲಿ ಹನ್ನೊಂದೂ ಏಳು. ಎಲ್ಲೋ ಕಲಾದಗಿಯ ಬಯಲಿನಲ್ಲಿ ಶಿವಪ್ರಕಾಶನ ಫೋನು ತೆಪ್ಪಗೆ ಮಲಗಿದೆ ಎಂದುಕೊಂಡ. ಬಾಗಿಲು ಹಾಕಿ, ಓಣಿ ದಾಟಿ, ಬಸ್ ನಿಲ್ದಾಣದ ಹತ್ತಿರ ಬಿಟ್ಟಿದ್ದ ಗಾಡಿ ಏರಿ, ಅಮೀನಗಡದ ಮೇಲೆ ಬಾದಾಮಿಯ ಕಡೆ ಹೊರಟ.

ಬನಶಂಕರಿಯ ಶಾಲೆಯಲ್ಲಿ ಒಂದೂ ಕಾಲಿಗೆ ಕೆಲಸದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಬೇಕಿತ್ತು. ಹೆಡ್‌ಮಾಸ್ತರರಿಗೆ ಪೆನ್ನು ಕೊಡಲು ಜೇಬಿಗೆ ಕೈ ಹಾಕಿದ. ಬೆರಳಿಗೆ ತಣ್ಣಗೆ ಏನೋ ತಾಗಿತು. ತಿರುಪು. ಟ್ರೇಯ ಒಂದು ತಿರುಪು ಎಳೆ ಸವೆದು ಪೂರ್ತಿ ಕೈಗೆ ಬಂದಿತ್ತು, ಗಡಿಬಿಡಿಯಲ್ಲಿ ಜೇಬಿಗೆ ಹಾಕಿಕೊಂಡು ಬಂದುಬಿಟ್ಟಿದ್ದ. ಸತ್ಯಬೋಧನ ಮುಖದ ರಕ್ತ ಇಳಿದುಹೋಯಿತು. ಮೂರು ಸಲ ನೋಡುವವನು ಇದನ್ನೊಂದು ನೋಡಲಿಲ್ಲವಲ್ಲ! ತನಗಿಂತ ಮೊದಲು ಬೇರೆ ಯಾರಾದರೂ ಆ ಬಾಗಿಲು ತೆರೆದರೆ? ತಿರುಪಿಲ್ಲದ ಟ್ರೇ ನೋಡಿದರೆ? ಬಿಸಿಲು ಹತ್ತಿತೇನೋ, ಕೂತುಕೊಳ್ಳಿ ಎಂದು ಹೆಡ್‌ಮಾಸ್ತರರು ಮಜ್ಜಿಗೆ ತರಿಸಿದರು. ಹಿಂದಕ್ಕೆ ಓಡಿಹೋಗಿ ಎಲ್ಲ ಸರಿ ಮಾಡಿಬಿಡಲೇ ಎಂದು ಒಂದು ಸಲ ಅನ್ನಿಸಿತು. ಈಗ ಹೊರಟರೂ ಮುಟ್ಟುವುದರೊಳಗೆ ಹೊತ್ತು ಮೀರಿರುತ್ತದೆ. ಕೆಟ್ಟ ಕೆಲಸಕ್ಕೆ ಹೋಗುವ ದಾರಿ ಹತ್ತಿರ, ಬರುವ ದಾರಿ ದೂರ.

ಹುನಗುಂದದಲ್ಲಿ ಒಂದು ತಕರಾರು ನೋಡುವುದಿದೆ ಎಂದು ಅದನ್ನೂ ಮೊದಲೇ ಬರೆದಿಟ್ಟಿದ್ದ. ಆ ನೆಪದಿಂದ ಮೂರರ ಸುಮಾರಿಗೆ ಅಮೀನಗಡದಲ್ಲಿದ್ದ. ಕರದಂಟಿನ ಅಂಗಡಿಯ ನೆರಳಿಗೆ ನಿಂತು, ಆರಿಸಿಟ್ಟಿದ್ದ ಫೋನು ಹಚ್ಚಿದ. ಅಂಗಡಿಯವನು ಒಂದು ತುಂಡು ರುಚಿ ನೋಡಲು ಕೊಟ್ಟ. ಅದನ್ನು ಬಾಯಿಗಿಟ್ಟುಕೊಂಡನೋ ಇಲ್ಲವೋ, ಫೋನು ಹೊಡೆದುಕೊಂಡಿತು. ಬೆಲ್ಲ ನಾಲಿಗೆಯ ಮೇಲೆ ಮಣ್ಣಾಯಿತು. ಶಂಕ್ರಪ್ಪನವರ ದನಿಯಲ್ಲಿ ಎಂದೂ ಕೇಳದ ನಡುಕವಿತ್ತು. ಇಳಕಲ್ಲಿನ ಲೈನು ಎರಡೂ ಐವತ್ತಕ್ಕೆ ಸತ್ತುಹೋಗಿದೆ, ಮಕ್ಕಳು ಕಂಪ್ಯೂಟರಿನ ಮುಂದೆ ಕೂತು ಅಳುತ್ತಿದ್ದಾರಂತೆ, ತಾವು ಕಲಾದಗಿ ಬಿಟ್ಟಿದ್ದೇವೆ, ಎಲ್ಲಿದ್ದೀರಿ ಎಂದರು.

"ಅಮೀನಗಡದಾಗ ಅದೇನ್ರಿ ಸಾವಕಾರ್ರ. ಮುಂಜಾನಿಂದ ಬದಾಮಿ ಕಡೆ ಇದ್ದೆ. ಈಗ ಹೊಂಟೆ ನೋಡ್ರಿ, ನೀವು ಅಂಜಬ್ಯಾಡ್ರಿ," ಎಂದ ಸತ್ಯಬೋಧ.

ಮೂರೂ ಐವತ್ತಕ್ಕೆ ಮಾಳಿಗೆ ಹತ್ತಿದ. ಬಾಗಿಲು ತೆರೆದರೆ ಒಲೆಯ ಬಾಯಿ ತೆರೆದಂತೆ ಝಳ. ಕಾರ್ಡುಗಳ ದೀಪವೆಲ್ಲ ಆರಿದ್ದವು. ಮೂಲೆಯಲ್ಲಿ ಬೆರಳಗಲದ ಒಂದು ಕಾವಲು ಕಾರ್ಡು ಮಾತ್ರ ಮಿಣಿಮಿಣಿ ಎನ್ನುತ್ತಿತ್ತು. ಇಡೀ ಚಾಸಿ ಮಲಗಿದರೂ ಅದೊಂದು ಮಲಗುವುದಿಲ್ಲ, ಏನೇನಾಯಿತು ಎಂದು ಬರೆದುಕೊಳ್ಳುತ್ತ ಕೂತಿರುತ್ತದೆ. ಸತ್ಯಬೋಧನಿಗೆ ಅದು ಗೊತ್ತಿತ್ತು, ಅದಕ್ಕೂ ಮದ್ದು ತಂದಿದ್ದ. ಎ.ಸಿ. ಹಚ್ಚಿದ, ಕಿಟಕಿ ತೆರೆದ. ನಾಲ್ಕೂ ಎರಡಕ್ಕೆ ಟ್ರೇಯನ್ನು ಒಳಗೆ ತಳ್ಳಿ, ಜೇಬಿನ ತಿರುಪನ್ನು ಜಾಗಕ್ಕೆ ಸೇರಿಸಿ ತಿರುಗಿಸಿದ. ಅದು ಕೂತಾಗ ಅವನ ಜೀವವೂ ಜಾಗಕ್ಕೆ ಕೂತಿತು. ಲ್ಯಾಪ್‌ಟಾಪಿನಿಂದ ಚಾಸಿಗೆ ನೇರ ಒಂದು ತಂತಿ ಹಚ್ಚಿ, ಕಾವಲು ಕಾರ್ಡು ಬರೆದುಕೊಂಡಿದ್ದ ದಾಖಲೆಯನ್ನೆಲ್ಲ ಅಳಿಸಿದ. ಮತ್ತೆ ತೆರೆದು ನೋಡಿದ. ಖಾಲಿ. ಮೂರನೆಯ ಸಲವೂ ಖಾಲಿ. ಚಾಸಿ ತಣಿಯಲಿ ಎಂದು ಕಾದು, ನಾಲ್ಕೂ ನಲವತ್ತಕ್ಕೆ ಕಾರ್ಡುಗಳನ್ನು ಎಬ್ಬಿಸಿದ. ಅವು ಪೂರ್ತಿ ಎಚ್ಚರಾಗಲು ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ.

ಅಷ್ಟರಲ್ಲಿ ಕೆಳಗೆ ಕಾರು ನಿಂತಿತು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಸತ್ಯಬೋಧ ಒದ್ದೆಯಾದ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ.

ಮೊದಲು ಬಂದವಳು ಕಾಸಿಂಬಿ, ಕೈಯಲ್ಲಿ ನೀರಿನ ತಂಬಿಗೆ. ಮುಂಜಾನೆ ತನ್ನನ್ನು ಕಂಡಿದ್ದಳೇ? ಓಣಿಯಲ್ಲಿ ಯಾರಾದರೂ ಹೇಳಿದರೇ? ಕಾಸಿಂಬಿ ಅಂಥದ್ದೇನೂ ಹೇಳಲಿಲ್ಲ. ಸಾಯಿಮಾಳ ಕಣ್ಣು ಅತ್ತೂ ಅತ್ತೂ ಬಾತುಕೊಂಡಿವೆ, ನಾಳೆ ಮತ್ತೆ ಬರೆಯಿಸುತ್ತಾರೆ ಎಂದಿದ್ದಾರೆ, ಖರೆಯೋ ಸುಳ್ಳೋ ಎಂದಳು. "ನೀವು ಬಂದ್ರಲ್ಲ ಸಾಹೇಬ್ರ, ಅಲ್ಲಾ ನಿಮಗ ಚಲೋ ಮಾಡ್ಲಿ," ಎಂದು ತಂಬಿಗೆ ಕೊಟ್ಟಳು. ಹಿಂದೆಯೇ ಶಂಕ್ರಪ್ಪನವರು ಏದುಸಿರು ಬಿಡುತ್ತ, ಅವರ ಬೆನ್ನಿಗೆ ಶಿವಪ್ರಕಾಶ ಬಂದರು.

ಏನಾಗಿತ್ತು ಎಂದು ಕೇಳಿದರು ಶಂಕ್ರಪ್ಪನವರು. ಈ ಉತ್ತರವನ್ನು ಸತ್ಯಬೋಧ ಹದಿನೈದು ದಿನದಿಂದ ಬಚ್ಚಲಿನಲ್ಲಿ, ಗಾಡಿಯ ಮೇಲೆ, ಹಾಸಿಗೆಯಲ್ಲಿ ಕಂಠಪಾಠ ಮಾಡಿದ್ದ. ಕಳಚಿದ ಟ್ರೇ ಅಂದರೆ ಅಲ್ಲೊಂದು ಕೈ ಇತ್ತು ಎಂದಾಗುತ್ತದೆ. ನಿಂತ ಫ್ಯಾನು ಅಂದರೆ ಬರೀ ಧೂಳು.

"ಎ.ಸಿ. ಟ್ರಿಪ್ ಆಗಿತ್ರಿ. ಒಂದು ಫ್ಯಾನ್ ಟ್ರೇ ಧೂಳಿಗೆ ನಿಂತುಬಿಟ್ಟಿತ್ತು. ಟ್ರೇ ಜಾಗದಾಗ ಇತ್ರಿ, ನಾ ಬಿಚ್ಚಿಲ್ಲ ಏನಿಲ್ಲ. ಒಮ್ಮೆ ತಟ್ಟಿದೆ, ತಿರುಗಾಕ ಹತ್ತಿತು." ಆಮೇಲೆ ದನಿ ತಗ್ಗಿಸಿ, ಬೇಕಾದದ್ದನ್ನು ಹೇಳಿದ. "ಆದ್ರ ಚಾಸಿ ಅಗದೀ ಒದರ್ಯಾಡಿರಬೇಕ್ರಿ. ಅಲರ್ಟು ಯಾಕ ಬರಲಿಲ್ಲೋ ನನಗ ತಿಳೀವಲ್ದು."

ಶಿವಪ್ರಕಾಶ ಆಗಲೇ ತನ್ನ ಲ್ಯಾಪ್‌ಟಾಪು ತೆರೆದು ಇಳಕಲ್ಲಿನ ಪುಟ ನೋಡುತ್ತಿದ್ದ. ನೋಡುತ್ತ ನೋಡುತ್ತ ಅವನ ಮುಖ ಬಿಳಿಚಿಕೊಂಡಿತು. ನಾಲ್ಕೂ ಅಲರ್ಟು ಬಂದ್. ಮಾಡಿದವರ ಹೆಸರು ಶಿವಪ್ರಕಾಶ, ನಿನ್ನೆ ಸಂಜೆ ನಾಲ್ಕೂ ಹತ್ತು.

"ನಾ ಮಾಡಿಲ್ರಿ ಅಪ್ಪಾರ," ಎಂದ. ಅಷ್ಟೇ ಎಂದ. ಎಲ್ಲಾ ಬಂದ್ ಮಾಡಿ ಒಗಿತೇನಿ ಎಂದು ತಾನೇ ಆಡಿದ ಮಾತು ಅವನಿಗೂ ನೆನಪಾಗಿರಬೇಕು. ಶಂಕ್ರಪ್ಪನವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಇನ್ನೂರು ಮಕ್ಕಳ ವಿಷಯ ಇದು, ಕಾಲೇಜಿನವರಿಗೆ ಏನು ಮುಖ ತೋರಿಸಲಿ, ನಾಳೆಯಿಂದ ನೀನು ಬರಬೇಡ ಎಂದು ಮೆಲ್ಲಗೆ ಹೇಳಿದರು. ಹುಡುಗ ಗೋಡೆಗೆ ಆನಿಕೊಂಡ. ಸತ್ಯಬೋಧ ನೆಲ ನೋಡುತ್ತಿದ್ದ. ಎಷ್ಟೋ ದಿನದ ಮೇಲೆ ಅವನಿಗೆ ಹಸಿವಾಯಿತು.

ಶಂಕ್ರಪ್ಪನವರು ಅವನ ಹೆಗಲ ಮೇಲೆ ಕೈ ಇಟ್ಟರು. "ಯಂತ್ರಕ್ಕಿಂತ ಮನಷ್ಯಾ ದೊಡ್ಡಾಂವ ಅನ್ನೂದು ನನಗ ಇವತ್ತ ತಿಳೀತು ನೋಡ್ರಿ. ನೀವು ಬದಾಮಿಗೆ ಹೋಗೂದು ಬ್ಯಾಡ, ಕುಲಕರ್ಣ್ಯಾರ." ಅದೇ ಹೊತ್ತಿಗೆ ಚಾಸಿಯ ಹಸಿರು ದೀಪಗಳು ಸಾಲಾಗಿ ಹತ್ತಿದವು. ಲೈನು ಬಂತು. ಕೆಳಗಿನಿಂದ ಸಾಯಿಮಾ ಅಜ್ಜಿಯನ್ನು ಕೂಗಿ, ನೆಟ್ಟು ಬಂತು ಎಂದಳು.

ಶಂಕ್ರಪ್ಪನವರ ಅಂಗಿಯ ಜೇಬಿನಲ್ಲಿ ಗುಂಡಿಯ ಫೋನು ಟಿಣ್ ಎಂದಿತು. ಕಾಲೇಜಿನವರಿರಬೇಕು ಎಂದು ಅವರು ಕನ್ನಡಕ ಏರಿಸಿ, ಶಾಲೆಯ ಮಗುವಿನಂತೆ ಒಂದೊಂದೇ ಪದ ಕೂಡಿಸಿ ಗಟ್ಟಿಯಾಗಿ ಓದಿದರು: "ಇಳಕಲ್. ಫ್ಯಾನ್ ಟ್ರೇ ಎರಡು. ಕೈಯಿಂದ ತೆಗೆದದ್ದು ಹನ್ನೊಂದು ಏಳು. ಕೈಯಿಂದ ಮರಳಿ ಹಾಕಿದ್ದು ನಾಲ್ಕು ಎರಡು. ಕೆಲಸ ಮುಗಿದಿದೆ. ಎಲ್ಲಾ ಕ್ಷೇಮ." ಸತ್ಯಬೋಧನಿಗೆ ಆ ಸಾಲುಗಳು ಚೆನ್ನಾಗಿ ಗೊತ್ತಿದ್ದವು, ಮುದುಕರಿಗೆ ಇಂಗ್ಲಿಷು ಬಾರದೆಂದು ಕನ್ನಡದಲ್ಲಿ ಬರೆದುಕೊಟ್ಟವನು ಅವನೇ. ಕೆಲಸ ಮುಗಿದ ಮೇಲೆ ಹೇಳಿದರೆ ಸಾಕು ಎಂದಿದ್ದರಲ್ಲ, ಬಿಚ್ಚಿದ್ದನ್ನು ಮತ್ತೆ ಕೂಡಿಸಿದಾಗ ಮಾತ್ರ ಅವರ ಫೋನಿಗೆ ಒಂದು ಒಳ್ಳೆಯ ಸುದ್ದಿ ಹೋಗಲಿ ಎಂದು ಫೆಬ್ರುವರಿಯ ಕೊನೆಗೆ, ಪರೀಕ್ಷೆಗಳೆಲ್ಲ ಮುಗಿದ ಮೇಲೆ, ಬೇರೆಯೇ ಪುಟದಲ್ಲಿ, ನಗುತ್ತ ಬರೆದಿಟ್ಟಿದ್ದ. ಅಂದಿನಿಂದ ಇಂದಿನವರೆಗೆ ಯಾವ ಊರಿನಲ್ಲೂ ಯಾರೂ ಏನೂ ಬಿಚ್ಚಿರಲಿಲ್ಲ, ಅವನು ಮರೆತಿದ್ದ. ಬಾಯಿ ಕಟ್ಟಿದ್ದು ಕೆಟ್ಟ ಸುದ್ದಿಗಳಿಗೆ ಮಾತ್ರ. ಅವನು ದಾಖಲೆ ಅಳಿಸುವ ಮೊದಲೇ ಇದು ಹೊರಟು ನಿಂತು, ಲೈನು ಬರುವುದನ್ನೇ ಕಾಯುತ್ತಿತ್ತು. ಶ್ರೀಗುರು ಬಸವಾ ಎಂದು ಉಸಿರು ಬಿಟ್ಟು ಶಂಕ್ರಪ್ಪನವರು ಮತ್ತೊಮ್ಮೆ ಓದಿದರು, ಈ ಸಲ ಮನಸ್ಸಿನಲ್ಲಿ. ಆಮೇಲೆ ಗೋಡೆಗೆ ಆನಿಕೊಂಡಿದ್ದ ಶಿವಪ್ರಕಾಶನನ್ನು ನೋಡಿದರು. "ಹನ್ನೊಂದಕ್ಕ ಇಂವಾ ನನ್ನ ಮಗ್ಗಲದಾಗ ಕಲಾದಗ್ಯಾಗ ನಿಂತಿದ್ದ," ಎಂದರು, ಯಾರಿಗೂ ಅಲ್ಲ ಎಂಬಂತೆ. ಅವರ ಕೈ ಇನ್ನೂ ಸತ್ಯಬೋಧನ ಹೆಗಲ ಮೇಲೇ ಇತ್ತು. ಅದನ್ನು ನಿಧಾನವಾಗಿ ತೆಗೆದುಕೊಂಡರು. "ಕುಲಕರ್ಣ್ಯಾರ, ನಿಮ್ಮ ಕೀಲಿ ಕೊಡ್ರಿ ಇಲ್ಲಿ."